ಸ್ನೇಹವಿಲ್ಲದ ಸ್ನೇಹದ್ರವ್ಯಗಳು: ಆಲ್ಕೇನುಗಳ ಗುಣಧರ್ಮ ಮತ್ತು ಕ್ರಿಯೆಗಳು

ಸಂಸ್ಕೃತದ ‘ಸ್ನೇಹ’ ಶಬ್ದಕ್ಕೆ ಎರಡು ಅರ್ಥಗಳುಂಟು: ಒಲವು ಒಂದು, ಜಿಡ್ಡು ಮತ್ತೊಂದು. ಎಣ್ಣೆ, ತುಪ್ಪ, ಕೊಬ್ಬುಗಳನ್ನು ಆಯುರ್ವೇದವು ಸ್ನೇಹದ್ರವ್ಯಗಳೆಂದೇ ವ್ಯವಹರಿಸುತ್ತದೆ. ಅಂಟಿಕೊಳ್ಳುವುದು ಎರಡಕ್ಕೂ ಸಮಾನವಾದ ಧರ್ಮವಾದುದರಿಂದ ಒಂದೇ ಶಬ್ದವು ಎರಡಕ್ಕೂ ಸಲ್ಲುತ್ತದೆ. ಆದರೆ ಮುಟ್ಟಿದರೆ ಜಿಡ್ಡು, ಕರೆಯುವ ಹೆಸರು ಎಣ್ಣೆ, ಹೀಗಿದ್ದೂ ಅನ್ಯದ್ರವ್ಯಗಳ ಮೇಲೆ ಒಲವೇ ಇಲ್ಲದ ಒಂದು ವಸ್ತುಕುಲವು ಪ್ರಕೃತಿಯಲ್ಲಿದೆ. ಸೀಮೆಎಣ್ಣೆಯ ಬಹುಭಾಗ, ಮೇಣದಬತ್ತಿಯ ಮೇಣ, ಅಡುಗೆಮನೆಯ ಅನಿಲ ಇವೆಲ್ಲ ಆ ಕುಲಕ್ಕೆ ಸೇರಿದವು. 1830ರಲ್ಲಿ ಜರ್ಮನ್ ರಸಾಯನಜ್ಞನಾದ ಕಾರ್ಲ್ ಫಾನ್ ರೈಕನ್‌ಬಾಖ್ ಎಂಬಾತನು ಬೀಚ್ ಮರದ ಟಾರಿನಿಂದ ಮೇಣದಂಥ ಬಿಳಿಯ ಪದಾರ್ಥವೊಂದನ್ನು ಬೇರ್ಪಡಿಸಿದನು. ಅದು ಯಾವುದರೊಡನೆಯೂ ಸುಲಭವಾಗಿ ಸಂಯೋಗ ಹೊಂದದಿರುವುದನ್ನು ಕಂಡು ಅದಕ್ಕೆ ‘ಪ್ಯಾರಫಿನ್’ ಎಂದು ನಾಮಕರಣ ಮಾಡಿದನು. ಲ್ಯಾಟಿನ್ ಭಾಷೆಯಲ್ಲಿ ‘ಪಾರುಮ್’ ಎಂದರೆ ಅಲ್ಪ, ‘ಅಫಿನಿಸ್’ ಎಂದರೆ ನಂಟುಳ್ಳದ್ದು. ಕನ್ನಡದಲ್ಲಿ ಹೇಳುವುದಾದರೆ ಅಲ್ಪಸ್ನೇಹಿ. ಈ ಕುಲಕ್ಕೆ ಇಂದಿನ ಶಾಸ್ತ್ರೀಯ ನಾಮ ‘ಆಲ್ಕೇನ್’.

ನಮ್ಮ ಪ್ರೌಢಶಾಲೆಗಳ ಪ್ರಯೋಗಶಾಲೆಯಲ್ಲಿ ಸೋಡಿಯಂ ಲೋಹವನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಟ್ಟಿರುವುದನ್ನು ಎಲ್ಲರೂ ಕಂಡಿರುತ್ತಾರೆ. ನೀರು ತಾಗಿದರೆ ಸಿಡಿಯುವ, ಗಾಳಿ ಸೋಕಿದರೆ ಕೆಡುವ ಆ ಲೋಹಕ್ಕೆ ಸೀಮೆಎಣ್ಣೆಯೇ ಕಾವಲು. ವರ್ಷಗಟ್ಟಲೆ ಜೊತೆಗಿದ್ದರೂ ಒಂದು ಮತ್ತೊಂದನ್ನು ಕೆಣಕುವುದಿಲ್ಲ. ಆದರೆ ಅದೇ ಸೀಮೆಎಣ್ಣೆಯನ್ನು ಬತ್ತಿಗೆ ಏರಿಸಿ ಕಡ್ಡಿ ಗೀರಿದರೆ ಮನೆಯನ್ನು ಬೆಳಗುತ್ತದೆ, ಅಜಾಗ್ರತೆಯಾದರೆ ಮನೆಯನ್ನೇ ಸುಡುತ್ತದೆ. ಅತಿ ಉದಾಸೀನವೂ ಅತಿ ಉಗ್ರವೂ ಆದ ಈ ಎರಡು ಸ್ವಭಾವಗಳು ಒಂದೇ ದ್ರವ್ಯದಲ್ಲಿ ಹೇಗೆ ನೆಲೆಸಿವೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕನ್ನಡ ಪಂಡಿತನಿಗೆ ರಸಾಯನಶಾಸ್ತ್ರದಲ್ಲೇನು ಕೆಲಸವೆಂದು ಕೆಲವರಿಗೆ ತೋರಬಹುದು. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿ, ಶಾಸ್ತ್ರವಿಷಯವು ನಮ್ಮ ನುಡಿಗೆ ಹೊರಗಲ್ಲವೆಂಬುದನ್ನು ತೋರಿಸಿಕೊಟ್ಟಿದ್ದಾರೆ. ಅಲ್ಲದೆ ಆಲ್ಕೇನುಗಳ ನಾಮವ್ಯವಸ್ಥೆಯನ್ನು ನೋಡಿದರೆ ಅಲ್ಲಿ ವೈಯಾಕರಣನಿಗೆ ಪರಿಚಿತವಾದ ಸಂಗತಿಗಳೇ ಎದುರಾಗುತ್ತವೆ. ಆದುದರಿಂದ ಅಲ್ಲಿಂದಲೇ ಆರಂಭಿಸುವುದು ಉಚಿತ.

ನಾಮವಿಚಾರ

ಆಲ್ಕೇನುಗಳೆಂದರೆ ಇಂಗಾಲ ಮತ್ತು ಜಲಜನಕಗಳೆರಡರಿಂದಲೇ ಆದ, ಪರಮಾಣುಗಳ ನಡುವೆ ಒಂಟಿ ಬಂಧಗಳನ್ನು ಮಾತ್ರ ಹೊಂದಿದ ಸಂಯುಕ್ತಗಳು. ಇವುಗಳ ಒಂದೊಂದು ಹೆಸರಿನಲ್ಲಿಯೂ ಪ್ರಕೃತಿ ಮತ್ತು ಪ್ರತ್ಯಯವೆಂಬ ಎರಡು ಭಾಗಗಳಿವೆ. ಪ್ರಕೃತಿಯು ಇಂಗಾಲದ ಪರಮಾಣುಗಳೆಷ್ಟು ಎಂಬುದನ್ನೂ, ಪ್ರತ್ಯಯವು ಬಂಧ ಎಂಥದು ಎಂಬುದನ್ನೂ ಹೇಳುತ್ತದೆ. ಮೊದಲ ನಾಲ್ಕು ಹೆಸರುಗಳು ರೂಢಿಯಿಂದ ಬಂದವು: ಮೀಥೇನ್, ಈಥೇನ್, ಪ್ರೊಪೇನ್, ಬ್ಯೂಟೇನ್. ಇವುಗಳಲ್ಲಿ ಬ್ಯೂಟೇನಿನ ಮೂಲವು ಬೆಣ್ಣೆಯನ್ನು ಹೇಳುವ ಲ್ಯಾಟಿನ್ ಶಬ್ದ. ಪ್ರೊಪೇನಿನ ಮೂಲವು ‘ಮೊದಲ ಕೊಬ್ಬು’ ಎಂಬರ್ಥದ ಗ್ರೀಕ್ ಶಬ್ದಗಳು. ಸ್ನೇಹದ ವಾಸನೆ ಹೆಸರಿನಲ್ಲಿ ಮಾತ್ರ ಉಳಿದಿದೆ. ಐದರಿಂದ ಮುಂದೆ ಸಂಖ್ಯಾವಾಚಕಗಳೇ ಪ್ರಕೃತಿಗಳು: ಪೆಂಟೇನ್, ಹೆಕ್ಸೇನ್, ಹೆಪ್ಟೇನ್, ಆಕ್ಟೇನ್, ನೊನೇನ್, ಡೆಕೇನ್. ಇವನ್ನು ನಮ್ಮ ಪಂಚ, ಷಟ್, ಸಪ್ತ, ಅಷ್ಟ, ನವ, ದಶಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಗ್ರೀಕ್, ಲ್ಯಾಟಿನ್, ಸಂಸ್ಕೃತಗಳು ಸೋದರ ಭಾಷೆಗಳೆಂಬುದು ಬಾಲಕರಿಗೂ ವಿದಿತವಾಗುತ್ತದೆ. ಸಪ್ತವನ್ನು ಬಲ್ಲವನಿಗೆ ಹೆಪ್ಟೇನ್ ಅಪರಿಚಿತವಲ್ಲ.

ಪ್ರತ್ಯಯದ ವಿಚಾರವು ಇನ್ನೂ ಸ್ವಾರಸ್ಯಕರವಾದುದು. 1866ರಲ್ಲಿ ಆಗಸ್ಟ್ ವಿಲ್ಹೆಲ್ಮ್ ಫಾನ್ ಹಾಫ್‌ಮನ್ ಎಂಬ ವಿದ್ವಾಂಸನು ರೋಮನ್ ವರ್ಣಮಾಲೆಯ ಸ್ವರಗಳನ್ನು ಕ್ರಮವಾಗಿ ಬಳಸಿ ಈ ಸಂಯುಕ್ತಗಳಿಗೆ ಹೆಸರಿಡುವ ಪದ್ಧತಿಯನ್ನು ಸೂಚಿಸಿದನು. 1892ರಲ್ಲಿ ಜಿನೀವಾದಲ್ಲಿ ಸೇರಿದ ರಸಾಯನಜ್ಞರ ಸಭೆಯು ನಾಮಕರಣಕ್ಕೆ ಸಾರ್ವತ್ರಿಕವಾದ ನಿಯಮಗಳನ್ನು ರಚಿಸಿತು. ಅದರ ಫಲವಾಗಿ ಈಥೇನ್ ಎಂದರೆ ಎರಡು ಇಂಗಾಲಗಳ ನಡುವೆ ಒಂಟಿ ಬಂಧ, ಈಥೀನ್ ಎಂದರೆ ಜೋಡಿ ಬಂಧ, ಈಥೈನ್ ಎಂದರೆ ಮೂರು ಬಂಧ. ವ್ಯಂಜನಗಳೆಲ್ಲ ಹಾಗೆಯೇ ಇದ್ದು ಸ್ವರವೊಂದು ಮಾತ್ರ ವ್ಯತ್ಯಾಸವಾಗುತ್ತದೆ. ವಿದ್ಯಾರ್ಥಿಯು ಏತ್ವವನ್ನು ಬಿಟ್ಟು ಗುಡಿಸಿನ ದೀರ್ಘವನ್ನು ಕೊಟ್ಟರೆ ವಸ್ತುವೇ ಬೇರೆಯಾಗುತ್ತದೆ. ಕಾಗುಣಿತವನ್ನು ಕನ್ನಡದ ತರಗತಿಗೆ ಮಾತ್ರ ಸಂಬಂಧಪಟ್ಟದ್ದೆಂದು ತಿಳಿಯುವವರು ಇದನ್ನು ಗಮನಿಸಬೇಕು.

ರಚನೆ

ಇಂಗಾಲದ ಪರಮಾಣುವಿಗೆ ನಾಲ್ಕು ಬಂಧಗಳನ್ನು ಕೂಡಿಸುವ ಶಕ್ತಿಯುಂಟು, ಜಲಜನಕಕ್ಕೆ ಒಂದು. ಒಂದು ಇಂಗಾಲದ ಸುತ್ತ ನಾಲ್ಕು ಜಲಜನಕಗಳು ಸೇರಿದರೆ ಮೀಥೇನ್. ಮುಂದೆ ಒಂದೊಂದು ಇಂಗಾಲ ಹೆಚ್ಚಿದಂತೆ ಎರಡೆರಡು ಜಲಜನಕ ಹೆಚ್ಚುತ್ತವೆ. ಆದುದರಿಂದ ಇಂಗಾಲದ ಸಂಖ್ಯೆಯನ್ನು ಇಮ್ಮಡಿಸಿ ಎರಡನ್ನು ಕೂಡಿದರೆ ಜಲಜನಕದ ಸಂಖ್ಯೆ ದೊರೆಯುತ್ತದೆ. ಪ್ರೊಪೇನಿನಲ್ಲಿ ಮೂರಕ್ಕೆ ಎಂಟು, ಬ್ಯೂಟೇನಿನಲ್ಲಿ ನಾಲ್ಕಕ್ಕೆ ಹತ್ತು. ಹೀಗೆ ಸಮಾನ ಅಂತರದಿಂದ ಬೆಳೆಯುವ ಸಾಲಿಗೆ ಅನುರೂಪ ಶ್ರೇಣಿಯೆಂದು ಹೆಸರು.

ಈ ನಾಲ್ಕು ಬಂಧಗಳು ಒಂದೇ ಸಮತಲದಲ್ಲಿ ಇರುವುದಿಲ್ಲ. 1874ರಲ್ಲಿ ಹಾಲೆಂಡಿನ ವಾಂಟ್ ಹಾಫ್ ಮತ್ತು ಫ್ರಾನ್ಸಿನ ಲ ಬೆಲ್ ಇಬ್ಬರೂ ಬೇರೆಬೇರೆಯಾಗಿ ಆಲೋಚಿಸಿ, ಇವು ಚತುರ್ಮುಖ ಘನದ ನಾಲ್ಕು ಮೂಲೆಗಳತ್ತ ಚಾಚಿರುತ್ತವೆಂದು ಪ್ರತಿಪಾದಿಸಿದರು. ಎರಡು ಬಂಧಗಳ ನಡುವಣ ಕೋನ ಸುಮಾರು 109.5 ಡಿಗ್ರಿ.

ನಾಲ್ಕು ಇಂಗಾಲಗಳಿಂದ ಮುಂದೆ ಜೋಡಣೆಯು ಒಂದೇ ವಿಧವಾಗಿ ಇರಬೇಕಾದುದಿಲ್ಲ. ನೇರ ಸರಪಳಿಯೂ ಆಗಬಹುದು, ಕವಲೊಡೆದ ಸರಪಳಿಯೂ ಆಗಬಹುದು. ಅಣುಸೂತ್ರ ಒಂದೇ ಆಗಿದ್ದು ರಚನೆ ಬೇರೆಯಾಗುವ ಇದಕ್ಕೆ ಸಮಾಂಗತೆಯೆನ್ನುತ್ತಾರೆ. ಬ್ಯೂಟೇನಿಗೆ 2, ಪೆಂಟೇನಿಗೆ 3, ಹೆಕ್ಸೇನಿಗೆ 5, ಆಕ್ಟೇನಿಗೆ 18, ಡೆಕೇನಿಗೆ 75 ಸಮಾಂಗಿಗಳು. ಲಘು ಗುರುಗಳೆಂಬ ಎರಡನ್ನೇ ಇಟ್ಟುಕೊಂಡು ಛಂದಶ್ಶಾಸ್ತ್ರಜ್ಞರು ಪ್ರಸ್ತಾರ ಹಾಕುವಾಗ ಅಕ್ಷರ ಹೆಚ್ಚಿದಂತೆ ಭೇದಗಳು ಬೆಳೆಯುವುದನ್ನು ಬಲ್ಲವರಿಗೆ, 20 ಇಂಗಾಲಗಳ ಆಲ್ಕೇನಿಗೆ ಮೂರು ಲಕ್ಷ ಅರುವತ್ತಾರು ಸಾವಿರಕ್ಕೂ ಮೀರಿದ ರೂಪಗಳು ಸಾಧ್ಯವೆಂದರೆ ಅಚ್ಚರಿಯಾಗದು.

ಭೌತಗುಣಗಳು

ಇಂಗಾಲವೂ ಜಲಜನಕವೂ ಎಲೆಕ್ಟ್ರಾನುಗಳನ್ನು ತಮ್ಮತ್ತ ಸೆಳೆಯುವುದರಲ್ಲಿ ಹೆಚ್ಚುಕಡಿಮೆ ಸಮಬಲರು. ಆದಕಾರಣ ಆಲ್ಕೇನಿನ ಅಣುವಿನಲ್ಲಿ ಧನಭಾಗ ಋಣಭಾಗಗಳೆಂಬ ಭೇದವು ಗಣನೀಯವಾಗಿ ಏಳುವುದಿಲ್ಲ. ನೀರಿನ ಅಣುವಿನಲ್ಲಾದರೋ ಈ ಭೇದವು ಪ್ರಬಲವಾಗಿದೆ. ಆದುದರಿಂದ ನೀರು ನೀರನ್ನೇ ಬಿಗಿಯಾಗಿ ಹಿಡಿದುಕೊಂಡು ಆಲ್ಕೇನುಗಳನ್ನು ಹೊರಗಿಡುತ್ತದೆ. ಎಲೆಕೋಸಿನ ಎಲೆಯ ಮೇಲೆ ನೀರು ಚಿಮುಕಿಸಿದರೆ ಹನಿಗಳು ಮುತ್ತಿನಂತೆ ಉರುಳಿಹೋಗುವುದಕ್ಕೆ ಅದರ ಮೇಲಿನ ಮೇಣದ ಲೇಪವೇ ಕಾರಣ. ಆ ಮೇಣದಲ್ಲಿ 29 ಇಂಗಾಲಗಳ ಆಲ್ಕೇನು ಮುಖ್ಯವಾದ ಅಂಶ. ನೀರಿಗಿಂತ ಹಗುರವಾದುದರಿಂದ ದ್ರವರೂಪದ ಆಲ್ಕೇನುಗಳು ಅದರ ಮೇಲೆ ತೇಲುತ್ತವೆ. ಹೊತ್ತಿದ ಸೀಮೆಎಣ್ಣೆಗೆ ನೀರು ಸುರಿಯಬಾರದು, ಮರಳನ್ನು ಎರಚಬೇಕು ಎಂದು ಹಿರಿಯರು ಹೇಳುವುದರ ಮರ್ಮ ಇದೇ: ನೀರಿನ ಮೇಲೆ ತೇಲುತ್ತ ಬೆಂಕಿಯು ಹರಡಿಕೊಳ್ಳುತ್ತದೆ.

ಅಣು ಅಣುಗಳ ನಡುವಣ ಆಕರ್ಷಣೆ ಇಲ್ಲಿ ದುರ್ಬಲವಾದುದು. ಆದರೆ ಸರಪಳಿ ಉದ್ದವಾದಂತೆ ತಾಗುವ ಮೈ ಹೆಚ್ಚಿ ಆಕರ್ಷಣೆಯೂ ಬೆಳೆಯುತ್ತದೆ. ಮೀಥೇನ್ ಸೊನ್ನೆಗಿಂತ 162 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುತ್ತದೆ. ಈಥೇನ್ 89 ಡಿಗ್ರಿ ಕೆಳಗೆ, ಪ್ರೊಪೇನ್ 42 ಡಿಗ್ರಿ ಕೆಳಗೆ, ಬ್ಯೂಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಪೆಂಟೇನ್ 36 ಡಿಗ್ರಿಯಲ್ಲಿ, ಹೆಕ್ಸೇನ್ 69ರಲ್ಲಿ, ಆಕ್ಟೇನ್ 126ರಲ್ಲಿ ಕುದಿಯುತ್ತವೆ. 18 ಇಂಗಾಲಗಳ ಹೊತ್ತಿಗೆ ಮೇಣದಂಥ ಘನಪದಾರ್ಥಗಳು ತೊಡಗುತ್ತವೆ. ಅನಿಲ, ದ್ರವ, ಘನ ಮೂರೂ ಒಂದೇ ಕುಲದವು. ಭೇದವಿರುವುದು ಉದ್ದದಲ್ಲಿ ಮಾತ್ರ. ಕವಲೊಡೆದ ಅಣುಗಳು ಉಂಡೆಯಂತಾಗಿ ತಾಗುವ ಮೈ ಕಡಿಮೆಯಾಗುವುದರಿಂದ ಬೇಗ ಕುದಿಯುತ್ತವೆ: ಐಸೋಬ್ಯೂಟೇನ್ ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೆ. ಕುದಿಯುವ ಬಿಂದುಗಳ ಈ ಅಂತರವನ್ನು ಆಧರಿಸಿಯೇ ಶುದ್ಧೀಕರಣಾಗಾರಗಳಲ್ಲಿ ಕಚ್ಚಾತೈಲವನ್ನು ಕಾಯಿಸಿ ಅಡುಗೆ ಅನಿಲ, ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್‌ಗಳನ್ನು ಬೇರ್ಪಡಿಸುತ್ತಾರೆ. ಭಾರತದಲ್ಲಿ ಈ ಕಾರ್ಯವು 1901ರಿಂದ ಅಸ್ಸಾಮಿನ ದಿಗ್ಬೋಯಿಯಲ್ಲಿ ನಡೆದುಬಂದಿದೆ; ನಮ್ಮ ನಾಡಿನಲ್ಲಿ ಮಂಗಳೂರಿನ ಶುದ್ಧೀಕರಣಾಗಾರವಿದೆ.

ಉದಾಸೀನದ ಕಾರಣ

ಆಮ್ಲವಾಗಲಿ ಕ್ಷಾರವಾಗಲಿ ಒಂದು ಅಣುವಿನ ಮೇಲೆ ಕೈಯಿಡಬೇಕಾದರೆ ಅಲ್ಲಿ ಹಿಡಿಯುವುದಕ್ಕೆ ಒಂದು ಹಿಡಿಕೆ ಬೇಕು. ಧನಾಂಶವೋ ಋಣಾಂಶವೋ ಹೆಚ್ಚಿದ ಜಾಗವೇ ಆ ಹಿಡಿಕೆ. ಆಲ್ಕೇನಿಗೆ ಅದಿಲ್ಲ. ಕಾಸ್ಟಿಕ್ ಸೋಡಾ ದ್ರಾವಣದೊಡನೆ ಕೊಬ್ಬರಿ ಎಣ್ಣೆಯನ್ನು ಕಾಯಿಸಿದರೆ ಸಾಬೂನಾಗುತ್ತದೆ. ಪ್ಯಾರಫಿನ್ ಮೇಣವನ್ನು ಎಷ್ಟು ಕಾಯಿಸಿದರೂ ಅದು ಮೇಣವಾಗಿಯೇ ಉಳಿಯುತ್ತದೆ. ಎಳ್ಳಿನ ನೆಯ್ ಎಂಬುದರಿಂದ ಬಂದ ನಮ್ಮ ‘ಎಣ್ಣೆ’ಯಲ್ಲಿ ಆಮ್ಲಜನಕವು ಸೇರಿ ಹಿಡಿಕೆ ಏರ್ಪಟ್ಟಿದೆ, ಸೀಮೆಎಣ್ಣೆಯಲ್ಲಿ ಅದಿಲ್ಲ. ಹೆಸರಿನಲ್ಲಿ ಎರಡೂ ಎಣ್ಣೆಯಾದರೂ ಕುಲ ಬೇರೆ.

ಕನ್ನಡ ವ್ಯಾಕರಣದಲ್ಲಿ ಲೋಪ, ಆಗಮ, ಆದೇಶವೆಂದು ಮೂರು ಸಂಧಿಗಳನ್ನು ಓದುತ್ತೇವೆ. ‘ಊರು’ ‘ಅನ್ನು’ ಸೇರಿ ‘ಊರನ್ನು’ ಆಗುವಾಗ ಒಂದು ಸ್ವರವು ಲೋಪವಾಗುತ್ತದೆ. ‘ಮನೆ’ ‘ಅನ್ನು’ ಸೇರಿ ‘ಮನೆಯನ್ನು’ ಆಗುವಾಗ ಯಕಾರವು ಹೊಸದಾಗಿ ಬರುತ್ತದೆ. ‘ಮಳೆ’ ‘ಕಾಲ’ ಸೇರಿ ‘ಮಳೆಗಾಲ’ ಆಗುವಾಗ ಕಕಾರದ ಸ್ಥಾನದಲ್ಲಿ ಗಕಾರವು ನಿಲ್ಲುತ್ತದೆ. ಇಂಗಾಲದ ಸಂಯುಕ್ತಗಳ ಮುಖ್ಯ ಕ್ರಿಯೆಗಳನ್ನೂ ಈ ಮೂರು ಮಾತುಗಳಿಂದ ಹೇಳಬಹುದು. ಜೋಡಿ ಬಂಧವುಳ್ಳ ಆಲ್ಕೀನುಗಳಲ್ಲಿ ಹೊಸಬರಿಗೆ ಎಡೆಯಿರುವುದರಿಂದ ಆಗಮವು ನಡೆಯುತ್ತದೆ. ಆಲ್ಕೇನಿನಲ್ಲಾದರೋ ಇಂಗಾಲದ ನಾಲ್ಕು ಕೈಗಳೂ ತುಂಬಿವೆ. ಆದುದರಿಂದಲೇ ಇವುಗಳನ್ನು ಸಂತೃಪ್ತ ಹೈಡ್ರೋಕಾರ್ಬನ್‌ಗಳೆನ್ನುತ್ತಾರೆ. ಸಂತೃಪ್ತವಾದುದಕ್ಕೆ ಆಗಮವಿಲ್ಲ. ಇದ್ದವನು ಹೋದರೆ ಮಾತ್ರ ಇನ್ನೊಬ್ಬನಿಗೆ ಜಾಗ, ಅಂದರೆ ಆದೇಶ. ಅತಿಶಯವಾದ ಶಾಖದಲ್ಲಿ ಲೋಪ. ಇವೆರಡಕ್ಕೂ ಮೊದಲು ಬಲವಾದ ಬಂಧವೊಂದು ಕಡಿಯಬೇಕು. ಮೀಥೇನಿನ ಒಂದು ಬಂಧವನ್ನು ಕಡಿಯಲು ಪ್ರತಿ 16 ಗ್ರಾಮಿಗೆ ಸುಮಾರು 439 ಕಿಲೋಜೂಲ್ ಶಕ್ತಿ ಬೇಕು. ಆ ಹೊಸಲನ್ನು ದಾಟುವವರೆಗೆ ಆಲ್ಕೇನು ಅಲ್ಪಸ್ನೇಹಿ. ದಾಟಿದ ಮೇಲೆ ಅದರ ವರ್ತನೆಯೇ ಬೇರೆ.

ದಹನ

ಒಂದು ಮೀಥೇನ್ ಅಣು ಎರಡು ಆಮ್ಲಜನಕದ ಅಣುಗಳೊಡನೆ ಉರಿದು ಒಂದು ಇಂಗಾಲದ ಡೈಆಕ್ಸೈಡ್ ಅಣುವನ್ನೂ ಎರಡು ನೀರಿನ ಅಣುಗಳನ್ನೂ ಕೊಡುತ್ತದೆ. 16 ಗ್ರಾಂ ಮೀಥೇನ್ ಹೀಗೆ ಉರಿದಾಗ ಹೊರಡುವ ಶಾಖ ಸುಮಾರು 890 ಕಿಲೋಜೂಲ್. ಏನೂ ವ್ಯರ್ಥವಾಗದಿದ್ದರೆ ಇಷ್ಟು ಶಾಖವು ಎರಡೂವರೆ ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹದಕ್ಕೆ ತರಬಲ್ಲದು. ಕಡ್ಡಿಯ ಕಿಡಿಯು ಈ ಶಾಖವನ್ನು ಕೊಡುವುದಿಲ್ಲ, ಮೊದಲ ಕೆಲವು ಬಂಧಗಳನ್ನು ಕಡಿದು ಹೊಸಲು ದಾಟಿಸುತ್ತದೆ. ಅನಂತರ ಉರಿದ ಅಣುಗಳ ಶಾಖವೇ ಉಳಿದ ಅಣುಗಳನ್ನು ದಾಟಿಸುತ್ತದೆ.

1776ರಲ್ಲಿ ಇಟಲಿಯ ವೋಲ್ಟಾ ಮಾಜ್ಜೋರೆ ಸರೋವರದ ಕೆಸರನ್ನು ಕೆದಕಿ ಮೇಲೆದ್ದ ಗುಳ್ಳೆಗಳನ್ನು ಸಂಗ್ರಹಿಸಿ, ಅವು ಹೊತ್ತಿ ಉರಿಯುವುದನ್ನು ಕಂಡನು. ಆ ಜೌಗು ಅನಿಲವೇ ಮೀಥೇನ್. ಕಲ್ಲಿದ್ದಲ ಗಣಿಗಳಲ್ಲಿಯೂ ಇದು ಒಸರುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು 5ರಿಂದ 15 ಭಾಗ ಸೇರಿದಾಗ ಒಂದು ಕಿಡಿಗೆ ಆಸ್ಫೋಟವಾಗುತ್ತದೆ. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ 92 ಜನರು ಹೀಗೆ ಮೃತರಾದರು. 1815ರಲ್ಲಿ ಹಂಫ್ರಿ ಡೇವಿಯು ದೀಪದ ಜ್ವಾಲೆಯ ಸುತ್ತ ಸೂಕ್ಷ್ಮವಾದ ತಂತಿಯ ಬಲೆಯನ್ನು ಕಟ್ಟಿದನು. ಲೋಹದ ಬಲೆಯು ಶಾಖವನ್ನು ಹೀರಿ ಹರಡುವುದರಿಂದ ಹೊರಗಿನ ಅನಿಲವು ಹೊಸಲನ್ನು ದಾಟುವಷ್ಟು ಕಾಯುವುದಿಲ್ಲ. ಡೇವಿಯು ಅನಿಲವನ್ನು ತಡೆಯಲಿಲ್ಲ, ಹೊಸಲನ್ನು ಕಾದನು.

ಶಾಲೆಗಳನ್ನು ನಡೆಸುವವರು ಮರೆಯಬಾರದ ಘಟನೆಯೊಂದಿದೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ನೆಲದಡಿಯಲ್ಲಿ ಸೋರಿ ತುಂಬಿದ್ದ ನೈಸರ್ಗಿಕ ಅನಿಲವು ಒಂದು ವಿದ್ಯುತ್ ಕಿಡಿಗೆ ಆಸ್ಫೋಟಿಸಿ ಸುಮಾರು ಮುನ್ನೂರು ಮಂದಿ ಅಸುನೀಗಿದರು. ಬಹುಪಾಲು ಮಕ್ಕಳು. ಮೀಥೇನಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಆದುದರಿಂದ ಸೋರಿಕೆ ಯಾರ ಅರಿವಿಗೂ ಬರಲಿಲ್ಲ. ಆ ದುರಂತದ ತರುವಾಯ ಅನಿಲಕ್ಕೆ ದುರ್ವಾಸನೆಯ ಗಂಧಕದ ಸಂಯುಕ್ತವನ್ನು ಬೆರೆಸುವುದು ಕಡ್ಡಾಯವಾಯಿತು. ಇಂದು ನಮ್ಮ ಸಿಲಿಂಡರಿನಿಂದ ಬರುವ ಕೆಟ್ಟ ವಾಸನೆಯು ಪ್ರೊಪೇನ್ ಬ್ಯೂಟೇನುಗಳದಲ್ಲ. ಎಚ್ಚರಿಸಲೆಂದೇ ಸೇರಿಸಿದ ಮರ್‌ಕ್ಯಾಪ್ಟನ್ನಿನದು.

ಮೀಥೇನ್ ಗಾಳಿಗಿಂತ ಹಗುರ, ಮೇಲೇರಿ ಹೋಗುತ್ತದೆ. ಪ್ರೊಪೇನ್ ಬ್ಯೂಟೇನುಗಳು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಮಡುಗಟ್ಟುತ್ತವೆ. ಒಂದು ಲೀಟರ್ ದ್ರವವು ಸುಮಾರು 250 ಲೀಟರ್ ಅನಿಲವಾಗುತ್ತದೆ. ಆದುದರಿಂದ ವಾಸನೆ ಬಂದೊಡನೆ ವಿದ್ಯುತ್ ಗುಂಡಿಯನ್ನು ಮುಟ್ಟದೆ, ಬಾಗಿಲು ಕಿಟಕಿಗಳನ್ನು ತೆರೆದು, ರೆಗ್ಯುಲೇಟರನ್ನು ಮುಚ್ಚಬೇಕು. ನೂರಾರು ಮಕ್ಕಳಿಗೆ ಅನ್ನ ಬೇಯಿಸುವ ವಿದ್ಯಾರ್ಥಿನಿಲಯಗಳ ಅಡುಗೆಮನೆಗಳಲ್ಲಿ ಗಾಳಿಕಿಂಡಿಯು ನೆಲದ ಮಟ್ಟದಲ್ಲಿಯೂ ಇರುವುದು ಅವಶ್ಯ.

ಗಾಳಿ ಸಾಲದಿದ್ದರೆ ದಹನವು ಅಪೂರ್ಣವಾಗಿ, ನೀಲಿಯ ಜ್ವಾಲೆ ಹಳದಿಯಾಗಿ, ಮಸಿಯೂ ಇಂಗಾಲದ ಮೊನಾಕ್ಸೈಡೂ ಹುಟ್ಟುತ್ತವೆ. ಈ ಮೊನಾಕ್ಸೈಡಿಗೂ ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನನ್ನು ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಬಿಗಿಯಾಗಿ ಹಿಡಿಯುತ್ತದೆ. ಕಿಟಕಿಯಿಲ್ಲದ ಸ್ನಾನಗೃಹದಲ್ಲಿ ಅನಿಲದ ಗೀಸರು ಉರಿಸುವವರ ಪ್ರಾಣಕ್ಕೆ ಎರವಾಗುವುದು ಇದೇ.

ಆದೇಶ ಮತ್ತು ಭಂಜನ

ಮೀಥೇನ್ ಮತ್ತು ಕ್ಲೋರಿನ್ ಅನಿಲಗಳನ್ನು ಸೇರಿಸಿ ಕತ್ತಲೆಯಲ್ಲಿಟ್ಟರೆ ಏನೂ ನಡೆಯುವುದಿಲ್ಲ. ಬಿಸಿಲು ಬಿದ್ದೊಡನೆ ಕ್ರಿಯೆ ಆರಂಭ. ಬೆಳಕು ಕ್ಲೋರಿನ್ ಅಣುವನ್ನು ಎರಡು ಬಿಡಿ ಪರಮಾಣುಗಳಾಗಿ ಸೀಳುತ್ತದೆ. ಜೊತೆಯನ್ನು ಕಳೆದುಕೊಂಡ ಪರಮಾಣುವು ಮೀಥೇನಿನಿಂದ ಒಂದು ಜಲಜನಕವನ್ನು ಕಿತ್ತುಕೊಳ್ಳುತ್ತದೆ. ಹೀಗೆ ಒಂಟಿಯಾದ ಮೀಥೈಲ್ ಇನ್ನೊಂದು ಕ್ಲೋರಿನ್ ಅಣುವಿನಿಂದ ಒಂದು ಪರಮಾಣುವನ್ನು ಪಡೆದು ಮತ್ತೊಂದನ್ನು ಒಂಟಿಯಾಗಿ ಬಿಡುತ್ತದೆ. ಒಂಟಿಗಳು ಪರಸ್ಪರ ಕೂಡಿದಾಗ ಸರಪಳಿಯು ಕೊನೆಗೊಳ್ಳುತ್ತದೆ. ಒಂದೊಂದಾಗಿ ನಾಲ್ಕು ಜಲಜನಕಗಳ ಸ್ಥಾನಕ್ಕೂ ಕ್ಲೋರಿನ್ ಬರಬಹುದು. ಮೂರು ಬಂದಾಗ ಕ್ಲೋರೋಫಾರಂ. 1847ರಲ್ಲಿ ಎಡಿನ್‌ಬರೋದ ವೈದ್ಯ ಸಿಂಪ್ಸನ್ ಇದನ್ನು ಪ್ರಸವವೇದನೆಯ ಶಮನಕ್ಕೆ ಬಳಸಿದನು. ನಾಲ್ಕೂ ಬಂದಾಗ ಇಂಗಾಲದ ಟೆಟ್ರಾಕ್ಲೋರೈಡ್. ಬೆಂಕಿ ಆರಿಸಲು ಬಳಸುತ್ತಿದ್ದ ಈ ದ್ರವವು ಓಜೋನ್ ಪದರಕ್ಕೆ ಮಾರಕವೆಂದು 1990ರಲ್ಲಿ ಮಾಂಟ್ರಿಯಲ್ ಒಪ್ಪಂದದ ಕಟ್ಟಳೆಗೆ ಒಳಪಟ್ಟಿತು. ಉರಿಯುವ ಮೀಥೇನಿನಿಂದಲೇ ಉರಿ ನಂದಿಸುವ ದ್ರವ ಹುಟ್ಟುವುದು ಆದೇಶದ ಮಹಿಮೆ. ಫ್ಲೋರಿನ್ ಜೊತೆಗೆ ಇದೇ ಕ್ರಿಯೆ ಆಸ್ಫೋಟಕ, ಬ್ರೋಮಿನ್ ಜೊತೆಗೆ ನಿಧಾನ, ಅಯೋಡಿನ್ ಜೊತೆಗೆ ನಡೆಯುವುದೇ ಇಲ್ಲವೆನ್ನಬಹುದು.

ಉದ್ದನೆಯ ಆಲ್ಕೇನುಗಳನ್ನು ಗಾಳಿ ಸೇರದಂತೆ ಬಲವಾಗಿ ಕಾಯಿಸಿದರೆ ಸರಪಳಿ ಮುರಿದು ಗಿಡ್ಡ ಆಲ್ಕೇನುಗಳೂ ಆಲ್ಕೀನುಗಳೂ ದೊರೆಯುತ್ತವೆ. ಈ ಭಂಜನವನ್ನು 1913ರಲ್ಲಿ ವಿಲಿಯಂ ಬರ್ಟನ್ ಅಮೆರಿಕದಲ್ಲಿ ಕೈಗಾರಿಕೆಯಾಗಿ ನೆಲೆಗೊಳಿಸಿ ಪೆಟ್ರೋಲಿನ ಉತ್ಪತ್ತಿಯನ್ನು ಹೆಚ್ಚಿಸಿದನು. ನಿಕ್ಕಲಿನ ಸಾನ್ನಿಧ್ಯದಲ್ಲಿ ಮೀಥೇನಿಗೆ ಕಾದ ಹಬೆಯನ್ನು ಸೇರಿಸಿದರೆ ಜಲಜನಕವು ದೊರೆಯುತ್ತದೆ. ಅದರಿಂದ ಅಮೋನಿಯಾ, ಅದರಿಂದ ಯೂರಿಯಾ. ಕೊಚ್ಚಿಯಿಂದ ಮಂಗಳೂರಿಗೆ ಬಂದ ಅನಿಲದ ಕೊಳವೆಮಾರ್ಗವು 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಹೊಲಕ್ಕೆ ಹಾಕುವ ಗೊಬ್ಬರವೂ ಈ ಅಲ್ಪಸ್ನೇಹಿಯ ಕೊಡುಗೆಯೇ.

ಆಕಾಶದಲ್ಲಿ ಉಳಿಯುವ ಮೀಥೇನ್

ನಿಂತ ನೀರಿನ ಗದ್ದೆಯ ಕೆಸರಿನಲ್ಲಿ, ದನಗಳ ಜಠರದಲ್ಲಿ, ತಿಪ್ಪೆಯಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನನ್ನು ಬಿಡುತ್ತವೆ. ಅದು ಉದಾಸೀನವಾದುದರಿಂದ ಮಳೆಯಲ್ಲಿ ಕರಗಿ ಇಳಿಯುವುದಿಲ್ಲ. ವಾಯುಮಂಡಲದಲ್ಲಿ ಅತ್ಯಲ್ಪವಾಗಿರುವ ಹೈಡ್ರಾಕ್ಸಿಲ್ ಎಂಬ ಒಂಟಿಯು ಕ್ಲೋರಿನಿನಂತೆಯೇ ಒಂದು ಜಲಜನಕವನ್ನು ಕಿತ್ತಾಗ ಮಾತ್ರ ಅದರ ನಾಶ. ಅದಕ್ಕೆ ಸುಮಾರು ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಅದು ಭೂಮಿಯ ಶಾಖವನ್ನು ತಡೆಹಿಡಿಯುತ್ತಿರುತ್ತದೆ. 20 ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿನ ಸುಮಾರು 80 ಪಟ್ಟು. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 0.7 ಭಾಗವಿದ್ದ ಮೀಥೇನ್ ಈಗ 1.9 ಭಾಗವನ್ನು ಮೀರಿದೆ. ಸೋಡಿಯಂ ಲೋಹಕ್ಕೆ ಕಾವಲಾದ ಉದಾಸೀನವೇ ಇಲ್ಲಿ ಲೋಕಕ್ಕೆ ತೊಡಕಾಗಿದೆ. ಸಗಣಿಯನ್ನು ತಿಪ್ಪೆಯಲ್ಲಿ ಕೊಳೆಯಬಿಡದೆ ಗೋಬರ್ ಅನಿಲದ ಗುಂಡಿಗೆ ಹಾಕಿ, ಹುಟ್ಟಿದ ಮೀಥೇನನ್ನು ಒಲೆಯಲ್ಲಿ ಉರಿಸುವುದು ಈ ದೃಷ್ಟಿಯಿಂದಲೂ ಶ್ರೇಯಸ್ಕರ. ಉರಿದ ಮೀಥೇನಿಗಿಂತ ಉರಿಯದೆ ಹೋದ ಮೀಥೇನೇ ಹೆಚ್ಚು ಹಾನಿಕರ.

ಆಲ್ಕೇನುಗಳ ಸ್ವಭಾವವನ್ನು ಸಂಗ್ರಹಿಸಿ ಹೇಳುವುದಾದರೆ, ಅವುಗಳಲ್ಲಿ ಶಕ್ತಿಯಿಲ್ಲವೆಂಬುದು ಸಲ್ಲದು, ಹಿಡಿಕೆಯಿಲ್ಲವೆಂಬುದೇ ಸರಿ. ಜ್ವಾಲೆ, ಬೆಳಕು, ಶಾಖ, ಲೋಹದ ಪ್ರೇರಕ, ಈ ನಾಲ್ಕರಲ್ಲೊಂದು ಹೊಸಲನ್ನು ದಾಟಿಸುತ್ತದೆ. ಯಾವುದು, ಎಲ್ಲಿ, ಎಷ್ಟು ಎಂಬುದನ್ನು ಬಲ್ಲವನಿಗೆ ಇವು ಸೇವಕರು, ಅರಿಯದವನಿಗೆ ಅಪಾಯಕಾರಿಗಳು. ಈ ಅರಿವು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿಯೇ ಉಳಿಯದೆ, ಮಕ್ಕಳ ಮೂಲಕ ಮನೆಮನೆಯ ಅಡುಗೆಯ ಕೋಣೆಗೂ ತಲುಪುವಂತೆ ತಿಳಿಗನ್ನಡದಲ್ಲಿ ಬೋಧಿಸುವ ಹೊಣೆ ಉಪಾಧ್ಯಾಯರದು. ಅದಕ್ಕೆ ಬೇಕಾದ ಪ್ರಯೋಗಶಾಲೆಗಳನ್ನು ಒದಗಿಸುವ ಪುಣ್ಯಕಾರ್ಯ ದಾನಿಗಳದು. ಎರಡೂ ಕೂಡಿಬರಲೆಂದು ಹಾರೈಸುತ್ತೇನೆ.